ಗಾಳದ ಮೋಜಿಗೆ ಮೊದಲು ಮೀನಿನ ಲೆಕ್ಕ

ಮಲಪ್ರಭೆಯ ಜಲಾಶಯವನ್ನು ಎಲ್ಲರೂ ಅಳೆಯುವುದು ಟಿಎಂಸಿಯಲ್ಲಿ. 37.73 ಟಿಎಂಸಿ ಸಾಮರ್ಥ್ಯದ ರೇಣುಕಾಸಾಗರದಲ್ಲಿ ಈಗ ಎಷ್ಟು ನೀರು ನಿಂತಿದೆ, ಕಾಲುವೆಗೆ ಎಷ್ಟು ಹರಿಯಿತು, ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಎಷ್ಟು ಹೋಯಿತು ಎಂಬುದು ಸುರೇಬಾನದ ಚಹದಂಗಡಿಯ ಕಟ್ಟೆಯ ಮೇಲೂ ಚರ್ಚೆಯಾಗುವ ವಿಷಯ. ಆ ನೀರಿನಲ್ಲಿ ಯಾವ ಮೀನುಗಳಿವೆ, ಅವು ಯಾವ ಮಾಸದಲ್ಲಿ ಎಲ್ಲಿಗೆ ಸರಿಯುತ್ತವೆ ಎಂಬ ಪ್ರಶ್ನೆಗೆ ಮಾತ್ರ ಬಲೆ ಬೀಸುವ ಕೆಲವೇ ಕುಟುಂಬಗಳ ಬಳಿ ಉತ್ತರವಿದೆ. ಅವರನ್ನು ಕೇಳುವವರು ವಿರಳ.

ಸವದತ್ತಿಯ ಯಲ್ಲಮ್ಮನಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರ್ಕಾರವು 2024ರಲ್ಲಿ ನೂರು ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಗುಡ್ಡಕ್ಕೆ ಪ್ರವಾಸಿಗರು ಹೆಚ್ಚಿದರೆ ಅವರ ಕಣ್ಣು ಪಕ್ಕದ ಹಿನ್ನೀರಿನ ಮೇಲೆ ಬೀಳುವುದು ಸಹಜ. ದೋಣಿ ವಿಹಾರದ ಹಿಂದೆಯೇ ಗಾಳದ ವಿಹಾರದ ಮಾತೂ ಏಳಬಹುದು. ಹಣ ಕೊಟ್ಟ ಅತಿಥಿಯನ್ನು ಮಾರ್ಗದರ್ಶಿಯೊಬ್ಬನು ಮೀನಿರುವ ಜಾಗಕ್ಕೆ ಕರೆದೊಯ್ದು, ಹಿಡಿಸಿ, ಬಿಡಿಸುವ ಈ ಉದ್ಯಮ ಹೊಸದೇನಲ್ಲ. ಅದನ್ನು ಕುರುಡಾಗಿ ವಿರೋಧಿಸುವುದೂ ಕುರುಡಾಗಿ ಸ್ವಾಗತಿಸುವುದೂ ಒಂದೇ ಬಗೆಯ ಅಜ್ಞಾನ.

ಅಮೆರಿಕದ ಒಕ್ಲಹೋಮ ಮತ್ತು ಟೆಕ್ಸಸ್ ಗಡಿಯಲ್ಲಿರುವ ಟೆಕ್ಸೋಮ ಎಂಬ ವಿಶಾಲ ಜಲಾಶಯದಲ್ಲಿ ಸ್ಟ್ರೈಪ್ಡ್ ಬಾಸ್ ಎಂಬ ಪಟ್ಟೆಮೀನಿನ ಬೇಟೆಯೇ ಹಲವು ಮಾರ್ಗದರ್ಶಿಗಳ ಜೀವನೋಪಾಯ. ಮೂಲತಃ ಅದು ಕಡಲಿನಲ್ಲಿ ಬೆಳೆದು ಮೊಟ್ಟೆಯಿಡಲು ನದಿಗೇರುವ ಮೀನು; 1960ರ ದಶಕದಲ್ಲಿ ಅದನ್ನು ಆ ಸಿಹಿನೀರಿಗೆ ತಂದು ಬಿಡಲಾಯಿತು. ಬೇಸಿಗೆಯಲ್ಲಿ ಮೇಲಿನ ನೀರು ಕಾಯುತ್ತದೆ, ತಳದ ನೀರಿನಲ್ಲಿ ಆಮ್ಲಜನಕ ಕ್ಷೀಣಿಸುತ್ತದೆ; ಮೀನು ನಡುವಿನ ತೆಳುಪದರದಲ್ಲಿ ಸಿಕ್ಕಿಕೊಂಡು ಬಳಲುತ್ತದೆ. ಶರತ್ಕಾಲದಲ್ಲಿ ಮೇಲ್ಮೈ ತಣಿದು ಪದರಗಳು ಬೆರೆತಾಗ ಸಣ್ಣ ಮೀನುಗಳ ಹಿಂಡನ್ನು ಬೆನ್ನಟ್ಟಿ ಅದು ಮೇಲೇಳುತ್ತದೆ. ನೀರಿಗೆರಗುವ ಹಕ್ಕಿಗಳನ್ನು ನೋಡಿಯೇ ಮಾರ್ಗದರ್ಶಿ ದೋಣಿ ತಿರುಗಿಸುತ್ತಾನೆ. ಅವನು ಮಾರುವುದು ಈ ತಿಳಿವಳಿಕೆಯನ್ನು, ಮೀನು ನೆಪಮಾತ್ರ. ಆದರೆ ಈ ಮೀನಿನ ಮೊಟ್ಟೆ ಬದುಕಲು ಹರಿವಿನಲ್ಲಿ ತೇಲುತ್ತ ಸಾಗಬೇಕು. ಟೆಕ್ಸೋಮಕ್ಕೆ ನದಿಗಳ ಹರಿವಿನ ಅನುಕೂಲವಿದೆ. ಅಂಥ ಹರಿವಿಲ್ಲದ ಅನೇಕ ಸರೋವರಗಳಲ್ಲಿ ಮರಿಗಳನ್ನು ಮತ್ತೆ ಮತ್ತೆ ತಂದು ಸುರಿಯದಿದ್ದರೆ ಬೇಟೆಯೂ ಇಲ್ಲ, ಉದ್ಯಮವೂ ಇಲ್ಲ.

ದೂರದ ಕಥೆ ಹಾಗಿರಲಿ. ಕರ್ನಾಟಕಕ್ಕೆ ತನ್ನದೇ ಆದ ಪಾಠವೊಂದು ಕಾವೇರಿಯಲ್ಲಿದೆ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಬೇಟೆಗಾರರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಗುವ ಮಹಶೀರ್ ಹಿಡಿದದ್ದು ಇಂದಿಗೂ ದಾಖಲೆಯಾಗಿ ಉಳಿದಿದೆ. ಮುಂದೆ ಭೀಮೇಶ್ವರಿ, ಗಾಳಿಬೋರೆಗಳ ಶಿಬಿರಗಳು ಹಿಡಿದು ಬಿಡುವ ಗಾಳಕ್ಕೆ ಜಗತ್ಪ್ರಸಿದ್ಧವಾದವು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲಿಯೇ ಕೆಲವರು ಅಲ್ಲಿ ಮಾರ್ಗದರ್ಶಿಗಳೂ ಕಾವಲುಗಾರರೂ ಆದರು. ಮಡುವಿನ ಆಳ, ಬಂಡೆಯ ಸಂದು, ನೀರಿನ ಬಣ್ಣ ಅವರಿಗೆ ಅಂಗೈಯ ಗೆರೆಯಷ್ಟೇ ಪರಿಚಿತ. ಅಭಯಾರಣ್ಯದೊಳಗಿನ ಗಾಳವೂ ಬೇಟೆಯೇ ಎಂಬ ಕಾನೂನಿನ ಅರ್ಥೈಸುವಿಕೆಯಿಂದ 2010-2012ರ ಅವಧಿಯಲ್ಲಿ ಆ ಚಟುವಟಿಕೆ ನಿಂತಿತು. ಕಾವಲು ಕಡಿಮೆಯಾದೊಡನೆ ಸಿಡಿಮದ್ದು ಮರಳುವ ಭೀತಿಯನ್ನು ಸಂಶೋಧಕರು ವ್ಯಕ್ತಪಡಿಸಿದರು.

ಆ ಶಿಬಿರಗಳು ಬಿಟ್ಟುಹೋದ ಅತ್ಯಮೂಲ್ಯ ವಸ್ತು ಸಾಧಾರಣವಾದ ದಾಖಲೆ ಪುಸ್ತಕ. ಯಾವ ದಿನ ಯಾವ ಮೀನು ಸಿಕ್ಕಿತು, ಎಷ್ಟು ತೂಗಿತು ಎಂದು ಗಾಳಿಬೋರೆಯಲ್ಲಿ ಬರೆದಿಟ್ಟದ್ದನ್ನು ವಿಜ್ಞಾನಿಗಳು ನಂತರ ಬಿಡಿಸಿ ನೋಡಿದರು. ಒಟ್ಟು ಮೀನಿನ ಸಂಖ್ಯೆ ಏರುತ್ತ ಹೋಗಿತ್ತು. ನೋಡುವವರಿಗೆ ನದಿ ಸುಭಿಕ್ಷವಾಗಿತ್ತು. ಆದರೆ ಏರಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಅದರ ನಡುವೆ ಮರೆಯಾಗುತ್ತಿತ್ತು. 2018ರಲ್ಲಿ ಅದಕ್ಕೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಗುವ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು. ಸದುದ್ದೇಶದಿಂದ ಸುರಿದ ಮೀನುಮರಿಗಳೂ ನದಿಯೊಂದನ್ನು ಬಡವಾಗಿಸಬಲ್ಲವು. ಪುಸ್ತಕವಿಲ್ಲದಿದ್ದರೆ ಅದು ಅರಿವಿಗೇ ಬರುತ್ತಿರಲಿಲ್ಲ.

ಇಲ್ಲೊಂದು ವಿಚಿತ್ರವಿದೆ. ಕಾವೇರಿಯಲ್ಲಿ ಅತಿಕ್ರಮಿಯಾದ ಅದೇ ನೀಲಿ ರೆಕ್ಕೆಯ ಮಹಶೀರ್ ಕೃಷ್ಣಾ ಕಣಿವೆಯ ಮೂಲನಿವಾಸಿ. ಪುಣೆಯ ಬಳಿಯ ಮುಳಾ-ಮುಠಾ ನದಿಯ ಮೀನನ್ನು ಕಂಡು ಕರ್ನಲ್ ಸೈಕ್ಸ್ 1839ರಲ್ಲಿ ಅದಕ್ಕೆ ಹೆಸರಿಟ್ಟನು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯೂ ಅದೇ ಕಣಿವೆಯದು. ಅಲ್ಲಿ ಪರಕೀಯನಾದವನು ಇಲ್ಲಿ ಮನೆಯ ಮಗ. ಆದರೂ ಜಲಾಶಯಗಳಿಗೆ ಮರಿ ಬಿಡುವ ಮಾತು ಬಂದಾಗ ಮೊದಲು ನೆನಪಾಗುವುದು ಕಾಟ್ಲಾ, ರೋಹು, ಮೃಗಾಲ್‌ಗಳೇ. ನಿಂತ ನೀರಿನಲ್ಲಿ ಇವು ಸಾಮಾನ್ಯವಾಗಿ ಸಂತಾನ ಬೆಳೆಸವು. ಆದುದರಿಂದ ಮರಿ ಬಿಡುವುದು ಮುಗಿಯದ ಕೆಲಸ. ಮೀನುಗಾರರ ಹೊಟ್ಟೆಪಾಡಿಗೆ ಅವು ಬೇಕು, ನಿಜ. ಅತಿಥಿಗಳ ರೋಮಾಂಚನಕ್ಕೆಂದು ಮತ್ತೊಂದು ಪರದೇಶದ ಬೇಟೆಗಾರ ಮೀನನ್ನು ತರುವುದಕ್ಕೆ ಆ ಸಮರ್ಥನೆಯೂ ಇಲ್ಲ.

ನವಿಲುತೀರ್ಥದ ಕಮರಿಗೆ ಅಡ್ಡ ಕಟ್ಟಿದ ಗೋಡೆಯೂ ಲೆಕ್ಕದಲ್ಲಿರಬೇಕು. ಮಳೆಗಾಲದಲ್ಲಿ ಬಾಗಿಲು ತೆರೆದಾಗ ಕೆಳಗಿಳಿದ ಮೀನು ಮತ್ತೆ ಮೇಲೇರಲಾರದು. 2019ರ ಆಗಸ್ಟಿನ ಪ್ರವಾಹದಲ್ಲಿ ರಾಮದುರ್ಗ ತಾಲೂಕು ಮನೆ, ಪೈರು ಕಳೆದುಕೊಂಡದ್ದನ್ನು ಎಲ್ಲರೂ ಬಲ್ಲರು. ಅಂಥ ಹೊಳೆಯೊಡನೆ ಬಂದ ಮೀನಿನ ಬದುಕು ಆಮೇಲೆ ಬೇಸಿಗೆಯಲ್ಲಿ ಉಳಿಯುವ ಮಡುಗಳಿಗೆ ಸೀಮಿತ. ಬಾಗಿಲ ಕೆಳಗೆ ಕನಿಷ್ಠ ಹರಿವಿಲ್ಲದಿದ್ದರೆ ಮೇಲಿನ ಹಿನ್ನೀರಿನಲ್ಲಿ ಎಷ್ಟು ಮರಿ ಬಿಟ್ಟರೂ ಶಬರಿಕೊಳ್ಳದ ಸೀಮೆಯ ಊರುಗಳಿಗೆ ಅದರಿಂದ ಬರುವುದೇನೂ ಇಲ್ಲ.

ಮುಂಗಾರು ತುಂಬಿಸಿದ ಹಿನ್ನೀರು ಶೀಗಿ ಹುಣ್ಣಿಮೆಯ ಸುಮಾರಿಗೆ ಅತ್ಯಂತ ಸುಂದರವಾಗಿರುತ್ತದೆ. ಗಾಳಕ್ಕೂ ಅದೇ ಒಳ್ಳೆಯ ಕಾಲ, ಮಳೆಗಾಲದ ಸಂತಾನ ಋತು ಮುಗಿದಿರುತ್ತದೆ. ಆಗ ದೋಣಿಯ ಮುಂದೆ ಕೂರುವವನು ನಗರದಿಂದ ಬಂದ ಗುತ್ತಿಗೆದಾರನ ನೌಕರನಾಗಬಾರದು. ಪರವಾನಿಗೆ ಮೀನುಗಾರರ ಸಹಕಾರ ಸಂಘಕ್ಕೇ ದೊರೆಯಬೇಕು. ಬಲೆಗೆ ಬಿಟ್ಟ ನೀರು ಬೇರೆ, ಗಾಳಕ್ಕೆ ಬಿಟ್ಟ ನೀರು ಬೇರೆ ಎಂದು ಗಡಿ ಹಾಕುವ ಅಧಿಕಾರವೂ ಆ ಸಂಘದ್ದೇ ಆಗಬೇಕು; ಇಲ್ಲವಾದರೆ ಪ್ರವಾಸಿಯ ದೋಣಿಗಾಗಿ ಬಡವನ ಬಲೆಯನ್ನು ಎತ್ತಿಸುವ ಕಾಲ ದೂರವಿಲ್ಲ. ಹಿಡಿಯುವುದು ಸ್ಥಳೀಯ ಬಾಳೆಮೀನು, ಕೊರವಗಳಿರಲಿ. ಮಹಶೀರ್ ಸಿಕ್ಕರೆ ಮರಳಿ ನೀರಿಗೆ.

ಈ ಕೆಲಸಕ್ಕೆ ಪ್ರವಾಸಿಗರು ಬರುವವರೆಗೆ ಕಾಯಬೇಕಾಗಿಲ್ಲ. ಸುರೇಬಾನ, ರಾಮದುರ್ಗ, ಮುನವಳ್ಳಿಗಳ ವಿದ್ಯಾರ್ಥಿಗಳು ವಾರಕ್ಕೊಮ್ಮೆ ದಡಕ್ಕೆ ಹೋಗಿ, ಬಲೆಯಿಂದ ಬಿಡಿಸಿದ ಮೀನಿನ ಜಾತಿ, ಉದ್ದ, ತೂಕ, ಹಿಡಿದ ಜಾಗ ಮತ್ತು ಆ ದಿನದ ನೀರಿನ ಮಟ್ಟವನ್ನು ಒಂದು ಗೆರೆ ಪುಸ್ತಕದಲ್ಲಿ ಬರೆಯತೊಡಗಬಹುದು. ಖರ್ಚು ಒಂದು ತಕ್ಕಡಿ, ಒಂದು ಅಳತೆಪಟ್ಟಿ.