ಕಾರಣ ಹೇಳದ ಒಂದು ವಾಕ್ಯ

ಸೈನ್ಯಕ್ಕೆ ಸೇರುವ ದಿನ ಯುವಕನ ಕಣ್ಣು, ಕಿವಿ, ಎದೆ, ಪಾದಗಳನ್ನೆಲ್ಲ ಪರೀಕ್ಷಿಸಿ ಆರೋಗ್ಯವಂತನೆಂದು ಬರೆದುಕೊಳ್ಳಲಾಗುತ್ತದೆ. ವರ್ಷಗಳ ತರುವಾಯ ಆತನೇ ಅಸ್ವಸ್ಥನಾಗಿ ಮನೆಗೆ ಮರಳುವಾಗ ವೈದ್ಯಕೀಯ ಮಂಡಳಿಯ ವರದಿಯಲ್ಲಿ ಬೇರೊಂದು ವಾಕ್ಯ ಕಾಣಿಸಿಕೊಳ್ಳುವುದುಂಟು: ಈ ವ್ಯಾಧಿ ಸೇವೆಯಿಂದ ಉಂಟಾದುದಲ್ಲ, ಸೇವೆಯಿಂದ ಉಲ್ಬಣಿಸಿದುದೂ ಅಲ್ಲ. ಅಂಗವೈಕಲ್ಯ ಪಿಂಚಣಿಯ ಎಷ್ಟೋ ಕೋರಿಕೆಗಳು ಮುಗ್ಗರಿಸುವುದು ಇಲ್ಲಿಯೇ.

ಪಿಂಚಣಿಗೆ ವೈಕಲ್ಯವು ಶೇಕಡಾ 20ಕ್ಕೆ ಕಡಿಮೆಯಿರಬಾರದು, ಸೇವೆಯೊಡನೆ ಅದಕ್ಕೆ ಸಂಬಂಧವಿರಬೇಕು. ಗುಂಡೇಟಿನ ಗಾಯವಾದರೆ ಸಂಬಂಧವನ್ನು ಹುಡುಕಬೇಕಾಗಿಲ್ಲ. ಅಪಸ್ಮಾರ, ರಕ್ತದೊತ್ತಡ, ಮನೋವ್ಯಾಧಿಗಳಲ್ಲಿ ಹಾಗಲ್ಲ. 'ದೇಹಪ್ರಕೃತಿಯಿಂದ ಬಂದದ್ದು' ಎಂದು ಕೈತೊಳೆದುಕೊಳ್ಳುವುದು ಸುಲಭ.

ಧರಮ್‌ವೀರ್ ಸಿಂಗ್ ಎಂಬ ಯೋಧನಿಗೆ ಆದುದೂ ಅದೇ. 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿದ ಆತನನ್ನು ಅಪಸ್ಮಾರದ ಕಾರಣದಿಂದ, ಶೇಕಡಾ 20ರ ವೈಕಲ್ಯದೊಂದಿಗೆ, 1994ರಲ್ಲಿ ಬಿಡುಗಡೆ ಮಾಡಲಾಯಿತು. ಪಿಂಚಣಿ ಮಾತ್ರ ದೊರೆಯಲಿಲ್ಲ. 2013ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಆತನ ಪರವಾಗಿ ತೀರ್ಪಿತ್ತಿತು. ಸೇರುವಾಗಿನ ದಾಖಲೆಯಲ್ಲಿ ರೋಗದ ಉಲ್ಲೇಖವಿಲ್ಲದಿದ್ದರೆ ಆಗ ಆತ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು. ಸಂಬಂಧವಿಲ್ಲವೆಂದು ತೋರಿಸುವ ಹೊಣೆ ಸೈನಿಕನದಲ್ಲ, ಸರಕಾರದ್ದು. ಮಂಡಳಿ ತನ್ನ ಅಭಿಪ್ರಾಯಕ್ಕೆ ಕಾರಣ ಕೊಡಲೇಬೇಕು. ಇಷ್ಟು ಸರಳವಾದ ನ್ಯಾಯಕ್ಕೆ ಹತ್ತೊಂಬತ್ತು ವರ್ಷ ಹಿಡಿಯಿತು! ಆದರೆ 2023ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದಿವೆ. ಅನಂತರ ನಿವೃತ್ತರಾದವರು ಹಳೆಯ ತೀರ್ಪೊಂದನ್ನೇ ನೆಚ್ಚಿ ಕೂರುವಂತಿಲ್ಲ.

ನಿರಾಕರಣೆಯ ಪತ್ರ ಬರುವುದು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ. ಕನ್ನಡ ಮಾತ್ರ ಬಲ್ಲ ತಾಯಿಯೋ ಪತ್ನಿಯೋ ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರೆ ಅಚ್ಚರಿಯಿಲ್ಲ. ವಿಳಂಬಕ್ಕೆ ಬೆಲೆ ತೆರಬೇಕಾಗುತ್ತದೆ. 1983ರಲ್ಲಿ ಸೇವೆಯಿಂದ ಬಿಡುಗಡೆಯಾದ ತರ್ಸೇಮ್ ಸಿಂಗ್ ನ್ಯಾಯಾಲಯದ ಮೆಟ್ಟಿಲೇರಿದ್ದು 1999ರಲ್ಲಿ. ಪಿಂಚಣಿಯ ಹಕ್ಕು ಅಳಿಯಲಿಲ್ಲ. ಬಾಕಿ ಹಣವನ್ನು ಮಾತ್ರ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸಿ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಆದೇಶಿಸಿತು.

ಆದುದರಿಂದ ಮನೆಯಲ್ಲಿ ಮೊದಲು ಹುಡುಕಬೇಕಾದುದು ಸೇರ್ಪಡೆಯ ಕಾಲದ ವೈದ್ಯಕೀಯ ದಾಖಲೆ, ಬಿಡುಗಡೆಯ ಕಾಲದ ಮಂಡಳಿಯ ವರದಿ, ನಿರಾಕರಣೆಯ ಪತ್ರ. ಮೇಲ್ಮನವಿ ಇಲಾಖೆಯೊಳಗೇ ಆರಂಭವಾಗುತ್ತದೆ. ಅಲ್ಲಿಯೂ ಸೋತರೆ ಅಂತಿಮ ಆದೇಶದ ಆರು ತಿಂಗಳೊಳಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಕಾಸರಗೋಡಿನವರಿಗೆ ಅದರ ಪೀಠವಿರುವುದು ಕೊಚ್ಚಿಯಲ್ಲಿ, ಸೊಲ್ಲಾಪುರದವರಿಗೆ ಮುಂಬಯಿಯಲ್ಲಿ.