ಒಂದು ರೂಪಾಯಿಯ ರೆಸಿಸ್ಟರು, ಹನ್ನೊಂದು ಸಾವಿರದ ಬೋರ್ಡು

ಕಳೆದ ತಿಂಗಳು ಗಿರಣಿ ಗೇಟಿನ ಸಭೆಯಲ್ಲಿ ನಮ್ಮ ಧ್ವನಿವರ್ಧಕ ಬಾಯಿ ಮುಚ್ಚಿಕೊಂಡದ್ದನ್ನು ಅಲ್ಲಿದ್ದವರೆಲ್ಲ ಕಂಡಿದ್ದಾರೆ. ಬೋನಸ್ಸಿನ ಲೆಕ್ಕ ಓದುತ್ತಿದ್ದಾಗಲೇ ಆಂಪ್ಲಿಫಯರಿನೊಳಗೆ ಟಪ್ಪೆಂದಿತು, ಸುಟ್ಟ ವಾಸನೆ ಬಂತು, ಎರಡು ಹಾರನ್ನುಗಳೂ ಸತ್ತವು. ಆಫೀಸಿನ ಕಿಟಕಿಯಿಂದ ಮಾಲೀಕರ ಕಡೆಯವರು ನಕ್ಕರಂತೆ. ನಗಲಿ. ಆದರೆ ಅಂದು ಸಭೆ ಕೆಡಿಸಿದವರು ಅವರಲ್ಲ; ಆ ಪೆಟ್ಟಿಗೆಯನ್ನು ನಮಗೆ ಮಾರಿದ ಕಂಪೆನಿ.

ಅದೇ ಪೆಟ್ಟಿಗೆ ಸ್ವಲ್ಪ ದಿನ ಹಿಂದೆಯೂ ಕೆಟ್ಟಿತ್ತು. ಕಂಪೆನಿಯ ಸರ್ವಿಸ್ ಕೇಂದ್ರಕ್ಕೆ ಒಯ್ದೆವು. ಔಟ್‌ಪುಟ್ ಟ್ರಾನ್ಸಿಸ್ಟರುಗಳು ಹೋಗಿವೆಯೆಂದು ಬದಲಿಸಿ 2,300 ರೂಪಾಯಿ ಎಣಿಸಿಕೊಂಡರು. ಎಂಟು ದಿನದಲ್ಲಿ ಹೊಸವೂ ಸುಟ್ಟವು. ಈಗ ಅದೇ ಕೇಂದ್ರದ ಮಾತು: ರಿಪೇರಿ ಆಗುವುದಿಲ್ಲ, ಪೂರಾ ಬೋರ್ಡು ಬದಲಾಗಬೇಕು, 11,800 ರೂಪಾಯಿ. ಏಕೆ ಸುಟ್ಟಿತೆಂದು ಕೇಳಿದರೆ ಉತ್ತರವಿಲ್ಲ. ಸರ್ಕಿಟ್ ನಕ್ಷೆ ಕೊಡಿರೆಂದರೆ, ಅದು ಕಂಪೆನಿಯ ಗುಟ್ಟು! ಹತ್ತು ಇಪ್ಪತ್ತು ರೂಪಾಯಿ ಚಂದಾ ಎತ್ತಿ ಕೊಂಡ ಪೆಟ್ಟಿಗೆ ನಮ್ಮದು, ಅದರ ಹೊಟ್ಟೆಯೊಳಗಿರುವುದು ಮಾತ್ರ ಅವರದು. ಇದೆಂಥ ಮಾರಾಟ?

ಕೊನೆಗೆ ಬಸ್ ನಿಲ್ದಾಣದ ಹಿಂದಿನ ರೇಡಿಯೋ ರಿಪೇರಿ ಅಂಗಡಿಗೆ ಹೊತ್ತು ತಂದೆವು. ಅಲ್ಲಿ ನಡೆದುದನ್ನು ವಿವರವಾಗಿ ಬರೆಯಲು ಕಾರಣವಿದೆ.

ಇಂದಿನ ಆಂಪ್ಲಿಫಯರುಗಳಲ್ಲಿ ಹಳೆಯ ಕಾಲದ ಕಬ್ಬಿಣ ತಾಮ್ರದ ಭಾರೀ ಟ್ರಾನ್ಸ್‌ಫಾರ್ಮರಿನ ಬದಲು ಸ್ವಿಚಿಂಗ್ ಸಪ್ಲೈ ಇರುವುದುಂಟು. ಅಂಗಡಿಯವರು ಎಸ್.ಎಂ.ಪಿ.ಎಸ್. ಎನ್ನುವುದು ಇದನ್ನೇ. 230 ವೋಲ್ಟ್ ಎ.ಸಿ.ಯನ್ನು ಅದು ನೇರವಾಗಿ ಸುಮಾರು 325 ವೋಲ್ಟ್ ಡಿ.ಸಿ. ಮಾಡಿಕೊಂಡು, ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು, ಮುಷ್ಟಿಯಷ್ಟು ಚಿಕ್ಕ ಟ್ರಾನ್ಸ್‌ಫಾರ್ಮರಿನಿಂದ ಇಳಿಸುತ್ತದೆ. ನಾವು ಇದರ ವೈರಿಗಳಲ್ಲ. ಹಳೆಯ ಪೆಟ್ಟಿಗೆ ಎತ್ತಲು ಇಬ್ಬರು ಬೇಕಾಗುತ್ತಿತ್ತು. ಇದನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ ಒಯ್ಯಬಹುದು.

ಅಂಗಡಿಯ ಹಿರಿಯರು ಮೊದಲು ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಉಳಿದಿದ್ದ ಕರೆಂಟನ್ನು ಇಳಿಸಿದರು. ಆಮೇಲೆ ಸಪ್ಲೈಯಿಂದ ಆಂಪ್ಲಿಫಯರಿಗೆ ಹೋಗುವ ತಂತಿಗಳನ್ನು ಬಿಡಿಸಿ, 100 ವಾಟಿನ ಹಳೆಯ ಬಲ್ಬೊಂದನ್ನು ಸೀರೀಸಿನಲ್ಲಿಟ್ಟು ಸಪ್ಲೈಯನ್ನಷ್ಟೇ ಓಡಿಸಿದರು. ಒಳಗೆ ಶಾರ್ಟ್ ಇದ್ದರೆ ಬಲ್ಬು ಧಗ್ಗೆಂದು ಉರಿದು ನಿಲ್ಲುತ್ತದೆ. ಇದು ಮಿಂಚಿ ಮಂಕಾಯಿತು. ಮೀಟರು ಇಟ್ಟರೆ ಒಂದೊಂದು ಕಡೆಯೂ 72 ವೋಲ್ಟ್. ಎಷ್ಟಿರಬೇಕು? ನಕ್ಷೆಯಿದ್ದರೆ ಅರೆಗಳಿಗೆಯ ಕೆಲಸ. ಅವರು ತಲೆ ಬಗ್ಗಿಸಿ ಕೆಪಾಸಿಟರುಗಳ ಮೈಮೇಲಿನ ಅಕ್ಷರ ಓದಿದರು: 63 ವೋಲ್ಟ್. ತಲೆಗಳು ಉಬ್ಬಿದ್ದವು. "ಮೇಷ್ಟ್ರೇ, ಅರವತ್ಮೂರರ ಕೊಡಕ್ಕೆ ಎಪ್ಪತ್ತೆರಡು ತುಂಬಿಸ್ತಾ ಇದೆ. ಟ್ರಾನ್ಸಿಸ್ಟರ್ ಎಷ್ಟು ಸಲ ಹಾಕಿದ್ರೂ ಸುಡುತ್ತೆ" ಎಂದರು.

ವೋಲ್ಟೇಜನ್ನು ಅಳೆದು ಹಿಡಿತದಲ್ಲಿಡುವ ಜಾಗದಲ್ಲಿ ಒಂದು ರೆಸಿಸ್ಟರು ಬಿಸಿಗೆ ಕಂದಿ, ಅದರ ಬಣ್ಣದ ಪಟ್ಟಿ ಹೇಳುವುದಕ್ಕಿಂತ ಹೆಚ್ಚು ಓಮ್ ತೋರಿಸುತ್ತಿತ್ತು. ಅಂದರೆ ಅಳೆಯುವ ಕೋಲೇ ಸುಳ್ಳು. ಸಪ್ಲೈ ಕಡಿಮೆಯಾಯಿತೆಂದು ತಿಳಿದು ಏರುತ್ತಲೇ ಹೋಯಿತು. ಆ ರೆಸಿಸ್ಟರಿನ ಬೆಲೆ ಒಂದು ರೂಪಾಯಿ. ಕೆಪಾಸಿಟರು, ಟ್ರಾನ್ಸಿಸ್ಟರು, ಅವರ ಕೂಲಿ 600 ರೂಪಾಯಿ ಎಲ್ಲ ಸೇರಿ 1,400. ಟ್ರಾನ್ಸಿಸ್ಟರಿನ ಮೇಲೆ ಕಂಪೆನಿ ತನ್ನದೇ ಗುಪ್ತ ನಂಬರು ಒತ್ತಿದ್ದರಿಂದ ಅದೇನೆಂದು ಗೊತ್ತಾಗದೆ, ಬಜಾರಿನಲ್ಲಿ ಸಿಗುವ 5200, 1943ರ ಜೋಡಿಯನ್ನು ಕಾಲುಗಳ ಕ್ರಮ ನೋಡಿ ಕೂಡಿಸಿದರು. ಈ ಜೋಡಿಯ ನಕಲಿ ಮಾಲು ಮಾರುವ ವ್ಯಾಪಾರಿ ಬಂಧುಗಳಿಗೂ ಇಲ್ಲಿಯೇ ಒಂದು ಮಾತು: ನೀವು ಕಡಿಯುತ್ತಿರುವುದು ನಿಮ್ಮದೇ ಬೀದಿಯ ರಿಪೇರಿಯವನ ಕುತ್ತಿಗೆ.

ಹಾಗಾದರೆ ಸರ್ವಿಸ್ ಕೇಂದ್ರದ ಹುಡುಗನಿಗೆ ಇದು ತಿಳಿಯದೇ? ಅವನನ್ನು ನಾವು ದೂರುವುದಿಲ್ಲ. ಅವನೂ ಸಂಬಳದ ಆಳು. ಅವನಿಗೂ ನಕ್ಷೆ ಕೊಟ್ಟಿಲ್ಲ. ಬೋರ್ಡು ಮಾರೆಂದು ಹೇಳಿ ಕಳಿಸಿದ್ದಾರೆ.

ಒಳಗೆ 325 ವೋಲ್ಟ್ ಇದೆ, ಕಂಡಕಂಡವರು ಕೈಯಿಟ್ಟರೆ ಸಾಯುತ್ತಾರೆ, ನಾವು ಜನರ ಹಿತಕ್ಕಾಗಿಯೇ ಮುಚ್ಚಿಟ್ಟಿದ್ದೇವೆ ಎಂಬುದು ಕಂಪೆನಿಗಳ ವಾದ. ಅಪಾಯವಿರುವುದು ನಿಜ, ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರು ಹೊಡೆಯಬಲ್ಲದು. ಆದರೆ ನಕ್ಷೆ ಬಚ್ಚಿಟ್ಟರೆ ಅದು ಖಾಲಿಯಾಗುತ್ತದೆಯೇ? ಎಲ್ಲಿ ಅಪಾಯವಿದೆಯೆಂದು ತೋರಿಸುವ ಕಾಗದವನ್ನೇ ಕಸಿದುಕೊಂಡು ಸುರಕ್ಷತೆಯ ಉಪದೇಶ ಮಾಡುವ ಈ ಮಹಾಶಯರಿಗೆ ನಾಚಿಕೆಯಾಗಬೇಕು.

ದಿಲ್ಲಿ ಸರ್ಕಾರ ಏನು ಮಾಡಿತು? 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಮನಸ್ಸಿದ್ದ ಕಂಪೆನಿ ಅಲ್ಲಿ ವಿವರ ಹಾಕಬಹುದು. ಧಣಿಯ ಮನಸ್ಸಿಗೆ ಬಿಟ್ಟ ಹಕ್ಕು ಹಕ್ಕೇ? ಯೂರೋಪಿನವರು 2024ರಲ್ಲಿ ರಿಪೇರಿ ಮಾಡಿಕೊಡಲೇಬೇಕೆಂಬ ನಿರ್ದೇಶನ ತಂದರು. ಬಟ್ಟೆ ಒಗೆಯುವ ಯಂತ್ರ, ಫ್ರಿಜ್ಜು, ಮೊಬೈಲು ಅದರ ಪಟ್ಟಿಯಲ್ಲಿವೆ. ಆಂಪ್ಲಿಫಯರಿನ ಹೆಸರು ಅದರಲ್ಲಿಯೂ ಇಲ್ಲ.

ತಪ್ಪು ನಮ್ಮದೂ ಉಂಟು. ಕೊಳ್ಳುವಾಗ ವಾಟು ಕೇಳಿದೆವು, ಬೆಲೆ ಕೇಳಿದೆವು, ನಕ್ಷೆ ಕೇಳಲಿಲ್ಲ. ಶಾಮಿಯಾನ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಬಂಧುಗಳೂ ಕೇಳುವುದಿಲ್ಲ. ಮದುವೆಯ ಸುಗ್ಗಿಯಲ್ಲಿ ಎರಡು ಪೆಟ್ಟಿಗೆ ಹೋದರೆ ವರ್ಷದ ಲಾಭವೇ ಹೋಯಿತೆಂದು ನಮ್ಮ ಮುಂದೆ ಅಳುತ್ತಾರೆ.

ಬರುವ ಭಾನುವಾರ ಸಂಜೆ 5 ಗಂಟೆಗೆ ಪಕ್ಷದ ಕಚೇರಿಯಲ್ಲಿ ಮೈಕ್ ಸೆಟ್‌ನವರ, ರಿಪೇರಿಯವರ ಸಭೆ ಕರೆದಿದ್ದೇವೆ. ಬಿಲ್ಲಿನ ಜೊತೆ ಸರ್ಕಿಟ್ ನಕ್ಷೆ ಮತ್ತು ಬಿಡಿಭಾಗಗಳ ನಿಜವಾದ ನಂಬರು ಕೊಡದ ಕಂಪೆನಿಯ ಮಾಲನ್ನು ಈ ಊರಿನಲ್ಲಿ ಯಾರೂ ಕೊಳ್ಳಕೂಡದು, ಅಂಗಡಿಯವರೂ ತರಿಸಕೂಡದು ಎಂಬ ಠರಾವನ್ನು ಮುಂದಿಡುತ್ತೇವೆ. ಸುಟ್ಟ ಟ್ರಾನ್ಸಿಸ್ಟರುಗಳನ್ನೂ ಆ ರೆಸಿಸ್ಟರನ್ನೂ ಡಬ್ಬಿಯಲ್ಲಿ ಹಾಕಿ ಮೇಜಿನ ಮೇಲಿಟ್ಟಿದ್ದೇವೆ. ಮೀಟರು ಇದ್ದವರು ತಂದು ಅಳೆದು ನೋಡಬಹುದು.