ಹಾಡು ಬಾಡಿಗೆಗೆ ಸಿಗುತ್ತೆ, ಕೊಳ್ಳೋಕೆ ಸಿಗಲ್ಲ

ಹೊನ್ನಾಳಿಯ ಮೊಬೈಲ್ ಅಂಗಡಿಯೊಂದರಲ್ಲಿ ಅಪ್ಪನ ಪ್ಲೇಯರ್‌ನ ಮೆಮೊರಿ ಕಾರ್ಡ್ ಕೊಟ್ಟೆ. "ಯಾವ್ದು ಹಾಕ್ಲಿ ಅಣ್ಣ? ರಾಜ್‌ಕುಮಾರ್ ಹಳೇವು, ಭಾವಗೀತೆ, ಜಾನಪದ, ಎಲ್ಲಾ ಐತೆ" ಅಂದ ಹುಡುಗ. ದುಡ್ಡು ಕೊಟ್ಟು ಕಾನೂನು ಪ್ರಕಾರ ತಗೊಳ್ಳೋದಾದ್ರೆ ಎಲ್ಲಿ ಸಿಗುತ್ತೆ ಅಂತ ಕೇಳಿದೆ. "ನಂಗೂ ದುಡ್ಡೇ ತಾನೇ ಕೊಡ್ತಿರೋದು?" ಅಂತ ನಕ್ಕ.

ಅವನನ್ನು ಬೈಯೋದು ಸುಲಭ. ಆದರೆ ಬೇರೆ ದಾರಿ ಹುಡುಕಿದ ಮೇಲೆ ನನಗೆ ಬೈಯೋ ಮನಸ್ಸಾಗಲಿಲ್ಲ.

ಅಪ್ಪನ ಪ್ಲೇಯರ್‌ಗೆ ಇಂಟರ್‌ನೆಟ್ ಇಲ್ಲ. ಗದ್ದೆಗೆ ನೀರು ಕಟ್ಟುವಾಗ ಬದುವಿನ ಮೇಲಿಟ್ಟು ಕೇಳ್ತಾರೆ. ಸ್ಪಾಟಿಫೈನಂಥ ಆ್ಯಪ್‌ಗಳಲ್ಲಿ 'ಡೌನ್‌ಲೋಡ್' ಅನ್ನೋ ಬಟನ್ ಇದೆ ನಿಜ. ಆದರೆ ಇಳಿಸಿದ ಹಾಡು ಆ ಆ್ಯಪ್ ಒಳಗೇ ಬೀಗ ಹಾಕಿಕೊಂಡು ಕೂತಿರುತ್ತೆ, ಕಾರ್ಡಿಗೆ ಬರಲ್ಲ. ಚಂದಾ ನಿಂತರೆ ಹಾಡೂ ನಿಂತಿತು. 2024ರಲ್ಲಿ ಏರ್‌ಟೆಲ್ ತನ್ನ ವಿಂಕ್ ಆ್ಯಪ್ ಮುಚ್ಚುವುದಾಗಿ ಹೇಳಿತಲ್ಲ, ಅದರಲ್ಲಿ ಇಳಿಸಿಟ್ಟುಕೊಂಡವರ ಪಾಡು ಯೋಚಿಸಿ.

ಕೊಳ್ಳುವ ಅಂಗಡಿ ಒಂದು ಕಾಲಕ್ಕೆ ಇತ್ತು. ಫ್ಲಿಪ್‌ಕಾರ್ಟ್ 2012ರಲ್ಲಿ 'ಫ್ಲೈಟ್' ಶುರು ಮಾಡಿತು. ಬೀಗವಿಲ್ಲದ ಎಂಪಿ3, ಹಾಡಿಗೆ 6 ರೂಪಾಯಿಯಿಂದ ಶುರು. 2013ರಲ್ಲೇ ಬಾಗಿಲು ಹಾಕಿತು. ಪೈರಸಿ ಜೊತೆಗೆ, ಐದಾರು ರೂಪಾಯಿ ಪಾವತಿಸೋಕೆ ಸುಲಭ ವ್ಯವಸ್ಥೆ ಇಲ್ಲ ಅನ್ನೋದೂ ಆಗಿನ ಕಾರಣವಾಗಿತ್ತು. ಇವತ್ತು ಟೀ ಅಂಗಡಿಯಲ್ಲೂ ಯುಪಿಐ ಇದೆ. ಆ ನೆಪ ಈಗ ಉಳಿದಿಲ್ಲ. ಆದರೂ ಕಂಪನಿಗಳಿಗೆ ತಿಂಗಳ ಬಾಡಿಗೆಯೇ ಇಷ್ಟ.

ಸರ್ಕಾರ ಏನು ಮಾಡಿದೆ? ಗೂಂಡಾ ಕಾಯ್ದೆ ಅಂತ ನಾವು ಕರೆಯೋ ಕರ್ನಾಟಕದ 1985ರ ಕಾಯ್ದೆಯ ಹೆಸರಿನಲ್ಲೇ ಈಗ ವಿಡಿಯೋ, ಆಡಿಯೋ ನಕಲು ಮಾಡುವವರೂ ಸೇರಿದ್ದಾರೆ. ಅದರಡಿ ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಕಾರ್ಡ್ ತುಂಬಿಸೋ ಹುಡುಗನನ್ನು ಸ್ಲಂ ಕಬಳಿಸುವವರ ಸಾಲಿನಲ್ಲಿ ನಿಲ್ಲಿಸೋ ಕಾನೂನು ಇದು. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು ಗೀತರಚನೆಕಾರರ, ಸಂಗೀತ ನಿರ್ದೇಶಕರ ರಾಯಲ್ಟಿ ಪಾಲು ಕಾಪಾಡಿದ್ದು ಒಳ್ಳೆಯದೇ. ಆದರೆ ಕೊಡೋಕೆ ಸಿದ್ಧ ಇರೋನ ಹತ್ತು ರೂಪಾಯಿ ಅವರಿಗೆ ತಲುಪೋದು ಹೇಗೆ?

ಆ ಹುಡುಗನಿಗೇ ಲೈಸೆನ್ಸ್ ಕೊಡಿ ಅಂತೀನಿ ನಾನು. ಇದು ಹುಚ್ಚು ಕಲ್ಪನೆ ಏನಲ್ಲ. ಮ್ಯೂಸಿಕ್ ಕಂಪನಿಗಳ ಸಂಘಟನೆ ಐಎಂಐ ಹಿಂದೆ ಮೊಬೈಲ್ ಅಂಗಡಿಗಳಿಗೆ ಎಂಎಂಎಕ್ಸ್ ಹೆಸರಿನಲ್ಲಿ ಇಂಥದ್ದೇ ಲೈಸೆನ್ಸ್ ತಂದಿತ್ತು. ಯುಪಿಐ ಬಂದ ಮೇಲೆ ಅದನ್ನು ಮತ್ತೆ ಗಟ್ಟಿಯಾಗಿ ಕೈಗೆತ್ತಿಕೊಳ್ಳಬೇಕಿತ್ತು.

ಸದ್ಯಕ್ಕೆ ನಾನು ಮಾಡಿದ್ದು ಇಷ್ಟು. ಮನೆಯಲ್ಲಿದ್ದ ಹಳೇ ಸಿಡಿಗಳನ್ನು ಕಂಪ್ಯೂಟರ್‌ಗೆ ಇಳಿಸಿದೆ. ಉಳಿದವನ್ನು ಐಟ್ಯೂನ್ಸ್ ಸ್ಟೋರ್‌ನಲ್ಲಿ ಬಿಡಿಬಿಡಿಯಾಗಿ ಕೊಂಡೆ. ಅಲ್ಲಿ ಎಎಸಿ ಫೈಲ್ ಬರುತ್ತೆ, ಅಗ್ಗದ ಪ್ಲೇಯರ್ ಅದನ್ನು ಓದದಿದ್ದರೆ ಎಂಪಿ3 ಮಾಡಿಕೊಳ್ಳಬೇಕು. ಸರೆಗಮದ ಕಾರ್ವಾನ್ ಕೂಡ ನೋಡಿದೆ. ಅದರಲ್ಲಿ ಹಾಡು ಮೊದಲೇ ತುಂಬಿರುತ್ತೆ, ಆದರೆ ಆಯ್ಕೆ ಅವರದು. ಒಂದು ಸಂಜೆ ಪೂರ್ತಿ ಕೂತು ಇಪ್ಪತ್ತು ಹಾಡು ಹಾಕಿಕೊಟ್ಟೆ.

"ಅಂಗ್ಡೀಲಿ ಐನೂರು ಹಾಕ್ಕೊಡ್ತಿದ್ರಲ್ಲೋ" ಅಂದ್ರು ಅಪ್ಪ.